ಎತ್ತರದ ಕಟ್ಟಡಗಳೂ ಕೂಲಿಕಾರನ ಪ್ರಾಣವೂ

೨೦೨೫ನೆಯ ಇಸವಿ ನವೆಂಬರ ೨೧ರಿಂದ ಭಾರತ ಸರಕಾರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿರುವ ಸಂಗತಿಯು ನಮ್ಮ ವಾಚಕರಿಗೆ ತಿಳಿದೇ ಇದೆ. ವೇತನ, ಮುಷ್ಕರ, ಕೆಲಸದಿಂದ ತೆಗೆಯುವ ಅಧಿಕಾರ ಮುಂತಾದವುಗಳ ಕುರಿತಾದ ಕಲಮುಗಳ ಮೇಲೆ ಪರವಾಗಿಯೂ ವಿರೋಧವಾಗಿಯೂ ಬೇಕಾದಷ್ಟು ಮಾತು ನಡೆದಿದೆ. ಆದರೆ ಕೆಲಸಗಾರರ ಸುರಕ್ಷತೆ ಮತ್ತು ಆರೋಗ್ಯಗಳಿಗೆ ಸಂಬಂಧಿಸಿದ ೨೦೨೦ರ ಸಂಹಿತೆಯಲ್ಲಿ ಅಡಗಿಕೊಂಡಿರುವ ಒಂಬತ್ತನೆಯ ಕಲಮಿನ ಕಡೆಗೆ ಯಾರೂ ಕಣ್ಣೆತ್ತಿ ನೋಡಿದಂತೆ ಕಾಣುವುದಿಲ್ಲ. ಕಟ್ಟಡದ ನಕಾಶೆಯನ್ನು ಬರೆಯುವವನೂ ಅದರ ಇಂಜಿನಿಯರನೂ ನಕಾಶೆಯ ಹಂತದಲ್ಲಿಯೇ ಕೆಲಸಗಾರರ ಪ್ರಾಣರಕ್ಷಣೆಯನ್ನು ಗಮನಿಸತಕ್ಕದ್ದೆಂದೂ, ಕಟ್ಟಡವು ಮುಗಿದ ಮೇಲೆ ಅದನ್ನು ತೊಳೆಯುವ, ಬಳಿಯುವ, ದುರಸ್ತಿಮಾಡುವ ಕೆಲಸದಲ್ಲಿ ಬರಬಹುದಾದ ವಿಶೇಷ ಅಪಾಯಗಳನ್ನು ಸಹ ಲೆಕ್ಕಕ್ಕೆ ಹಿಡಿಯತಕ್ಕದ್ದೆಂದೂ ಆ ಕಲಮು ಹೇಳುತ್ತದೆ. ಮಾತು ಸಣ್ಣದು; ಆದರೆ ಅದನ್ನು ಪ್ರಾಮಾಣಿಕವಾಗಿ ಪಾಲಿಸಿದರೆ ಉಳಿಯುವ ಜೀವಗಳು ಸಣ್ಣ ಸಂಖ್ಯೆಯವಲ್ಲ.

ಎತ್ತರದ ಗೋಡೆಯ ಹೊರಮೈಗೆ ಹಗ್ಗದಿಂದ ಇಳಿಬಿಟ್ಟ ಹಲಗೆಯ ಮೇಲೆ ನಿಂತು ಕೆಲಸಮಾಡುವ ಪದ್ಧತಿಯೇ ನಾವಿಂದು ಎತ್ತಿಕೊಂಡಿರುವ ಮಜಕೂರು. ನಮ್ಮ ಕಡೆಯ ಕೂಲಿಕಾರರು ಇದನ್ನು ಝೂಲಾ ಎನ್ನುತ್ತಾರೆ. ನಾವು ತೂಗುತೊಟ್ಟಿಲು ಎನ್ನೋಣ. ಇದು ಬೆಂಗಳೂರು ಮುಂಬಯಿಗಳ ಗಾಜಿನ ಮಹಲುಗಳ ಪ್ರಶ್ನೆಯೆಂದೂ, ಸೇಡಂ ಚಿತ್ತಾಪುರಗಳ ಓದುಗರಿಗೆ ಇದರಿಂದ ಆಗಬೇಕಾದುದೇನೂ ಇಲ್ಲವೆಂದೂ ಯಾರಾದರೂ ತಿಳಿದರೆ ಅವರು ತಮ್ಮ ಊರಿನ ಆಕಾಶವನ್ನೇ ನೋಡಿಲ್ಲವೆಂದು ಹೇಳಬೇಕಾಗುತ್ತದೆ. ಶಹಾಬಾದಿನಲ್ಲಿ ಸಿಮೆಂಟಿನ ಕಾರಖಾನೆಯು ೧೯೩೬ಕ್ಕೂ ಹಿಂದಿನಿಂದ ಇದ್ದಿತು. ವಾಡಿಯ ಕಾರಖಾನೆ ೧೯೬೮ರದು, ಮಳಖೇಡದ್ದು ೧೯೮೪ರದು. ಆ ಮೇಲೆ ಸೇಡಂ ಪಟ್ಟಣದ ಮಗ್ಗುಲಲ್ಲಿ, ಕೋಡ್ಲಾದಲ್ಲಿ, ಚಿತ್ತಾಪುರ ತಾಲೂಕಿನ ಇಟಗಾದಲ್ಲಿ, ಚಿಂಚೋಳಿ ತಾಲೂಕಿನ ಛತ್ರಸಾಲದಲ್ಲಿ ಒಂದರ ಹಿಂದೊಂದು ಎದ್ದಿವೆ. ಕಾಗಿಣೆಯ ದಂಡೆಯ ಸುಣ್ಣದ ಕಲ್ಲೇ ಇವೆಲ್ಲಕ್ಕೂ ಮೂಲ. ಇಂಥ ಕಾರಖಾನೆಯ ಪ್ರಿಹೀಟರ್ ಗೋಪುರವು ಈ ಕಾಲದಲ್ಲಿ ನೂರು ಮೀಟರನ್ನು ಮೀರುತ್ತದೆ. ಅಂದರೆ ಮೂವತ್ತು ಮಾಳಿಗೆಗಳ ಮನೆಯ ಎತ್ತರ. ಅದರ ಸುತ್ತ ಚಿಮಣಿ, ಸಿಮೆಂಟನ್ನು ತುಂಬಿಡುವ ಸೈಲೋ, ಕಲ್ಲಿದ್ದಲಿನ ಕಣಜ. ಬೆಂಗಳೂರನ್ನು ಬಿಟ್ಟರೆ ಕನ್ನಡ ನಾಡಿನಲ್ಲಿ ಇಷ್ಟು ಎತ್ತರದ ರಚನೆಗಳು ಇಷ್ಟು ಒತ್ತಾಗಿ ನಿಂತಿರುವ ಪ್ರದೇಶಗಳು ವಿರಳ.

ಎರಡನೆಯ ಕಾರಣವೂ ಉಂಟು. ಇಲ್ಲಿಂದ ಹೊರಡುವ ರೈಲು ಡಬ್ಬಿಗಳಲ್ಲಿ ಸಿಮೆಂಟು ಹೋಗುತ್ತದೆ; ಅದೇ ರೈಲುದಾರಿಯಲ್ಲಿ ನಮ್ಮ ಜನರೂ ಗುಳೆ ಹೋಗುತ್ತಾರೆ. ಮುಂಬಯಿ, ಪುಣೆ, ಹೈದರಾಬಾದು, ಬೆಂಗಳೂರುಗಳಲ್ಲಿ ಗಗನಕ್ಕೇರುತ್ತಿರುವ ಕಟ್ಟಡಗಳ ಮೇಲೆ ಸಾರಣೆ ಮಾಡುವ, ಬಣ್ಣ ಬಳಿಯುವ, ಗಾಜು ತೊಳೆಯುವ ಕೈಗಳಲ್ಲಿ ಕಲಬುರಗಿ, ಯಾದಗಿರಿಗಳ ಕೈಗಳು ಎಷ್ಟೋ ಇವೆ. ಕಲ್ಲು ನಮ್ಮದು, ಸಿಮೆಂಟು ನಮ್ಮದು, ತೂಗುವ ದೇಹವೂ ನಮ್ಮದಾದ ಮೇಲೆ ಆ ದೇಹವನ್ನು ಹಿಡಿದ ಹಗ್ಗದ ವಿಚಾರವನ್ನು ಮಾತ್ರ ಪರರಿಗೆ ಬಿಟ್ಟು ಸುಮ್ಮನಿರುವುದು ನಮಗೆ ಭೂಷಣವಲ್ಲ.

ಮೊದಲು ವಸ್ತುಸ್ಥಿತಿಯನ್ನು ನೋಡೋಣ. ಹಿಂದೆ ಕಿಟಕಿಗಳು ತೆರೆಯುತ್ತಿದ್ದವು. ಒಳಗಿನಿಂದ ಕೈ ಚಾಚಿ ಒರಸಬಹುದಾಗಿತ್ತು. ೧೯೫೨ರಲ್ಲಿ ನ್ಯೂಯಾರ್ಕ ನಗರದಲ್ಲಿ ಲೀವರ್ ಎಂಬ ಸಾಬೂನಿನ ಕಂಪನಿಯವರು ತೆರೆಯದ ಗಾಜಿನ ಹೊದಿಕೆಯುಳ್ಳ ಮನೆಯನ್ನು ಕಟ್ಟಿಸಿದಾಗ, ಅದನ್ನು ತೊಳೆಯುವ ಬಗೆ ಹೇಗೆಂಬ ಪ್ರಶ್ನೆಯು ಹುಟ್ಟಿತು. ಅವರು ಮಾಳಿಗೆಯ ಮೇಲೆ ಹಳಿಗಳನ್ನು ಹಾಸಿ, ಅವುಗಳ ಮೇಲೆ ಓಡಾಡುವ ಬಂಡಿಯಿಂದ ತೊಟ್ಟಿಲನ್ನು ಇಳಿಬಿಡುವ ಏರ್ಪಾಡನ್ನು ಕಟ್ಟಡದ ಅಂಗವಾಗಿಯೇ ಮಾಡಿದರು. ಅಂದಿನಿಂದ ಇಂದಿನವರೆಗೆ ಲೋಕದ ಒಳ್ಳೆಯ ಕಟ್ಟಡಗಳಲ್ಲಿ ನಡೆದುಬಂದಿರುವ ತತ್ತ್ವವು ಒಂದೇ: ಹೊರಗೋಡೆಗೆ ಇಳಿಯುವ ದಾರಿಯನ್ನು ಮೆಟ್ಟಲಿನಂತೆ, ಬಾಗಿಲಿನಂತೆ, ಕಟ್ಟಡದ ಜೊತೆಯಲ್ಲಿಯೇ ಕಟ್ಟಬೇಕು. ಅಮೇರಿಕೆಯಲ್ಲಿ ೧೯೮೯ರಿಂದ ಇದಕ್ಕೆ ಪ್ರತ್ಯೇಕ ನಿಯಮಾವಳಿಯುಂಟು; ಯೂರೋಪಿನ ದೇಶಗಳಲ್ಲಿಯೂ ತೂಗುತೊಟ್ಟಿಲಿಗೆಂದೇ ಮಾನದಂಡವುಂಟು.

ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವುದು ಇದರ ವಿಪರೀತ. ಕಟ್ಟಡವು ಮುಗಿಯುತ್ತದೆ, ಪೂಜೆ, ಸಮಾರಂಭ, ಭಾಷಣಗಳೆಲ್ಲ ಆಗುತ್ತವೆ. ಮೂರು ವರ್ಷಗಳಾದ ಮೇಲೆ ಗೋಡೆ ಬಳಿಯಬೇಕಾದಾಗ ಗುತ್ತೇದಾರನು ಬರುತ್ತಾನೆ. ಅವನ ಮುಕಾದಮನು ಮಾಳಿಗೆಗೆ ಹತ್ತಿ, ಹಗ್ಗವನ್ನು ಯಾವುದಕ್ಕೆ ಕಟ್ಟಲಿ ಎಂದು ಸುತ್ತಲೂ ನೋಡುತ್ತಾನೆ. ಕಣ್ಣಿಗೆ ಬಿದ್ದ ನೀರಿನ ಕೊಳವೆ, ಅಂಚುಗೋಡೆ, ತೊಟ್ಟಿಯ ಕಂಬ ಇವೇ ಅವನ ಇಂಜಿನಿಯರಿಂಗು. ಒಂದು ಪಟ್ಟಣದ ದೊಡ್ಡ ಕಟ್ಟಡವೊಂದರ ಮೇಲೆ ತೊಲೆಯ ಬಾಲಕ್ಕೆ ಉಸುಕಿನ ಚೀಲಗಳನ್ನು ಹೇರಿ, ತುದಿಯಲ್ಲಿ ಇಬ್ಬರು ಕೂಲಿಕಾರರನ್ನು ಇಳಿಬಿಟ್ಟಿದ್ದುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಒಂದು ಚೀಲದ ಹೊಲಿಗೆ ಬಿಟ್ಟು ಉಸುಕು ಸೋರುತ್ತಿತ್ತು. ಅದನ್ನು ತೋರಿಸಿದಾಗ ಮೇಲ್ವಿಚಾರಕನು, "ಇನ್ನರ್ಧ ತಾಸಿನ ಕೆಲಸ ಅಷ್ಟೆ ಸಾಹೇಬರೆ" ಎಂದನು. ಆ ದಿನ ಏನೂ ಆಗಲಿಲ್ಲ. ಆಗದೆ ಇದ್ದುದು ದೈವದ ಕೃಪೆಯೇ ಹೊರತು ಮನುಷ್ಯರ ವ್ಯವಸ್ಥೆಯಲ್ಲ.

ಇಲ್ಲಿಯ ಲೆಕ್ಕವು ತಕ್ಕಡಿಯ ಲೆಕ್ಕದಂತೆ ಸರಳವಾಗಿದೆ. ಆದ್ದರಿಂದಲೇ ಅದನ್ನು ಬಲ್ಲೆವೆಂಬ ಭ್ರಮೆಯೂ ಸುಲಭ. ಒಂದು ತೊಲೆಯ ತುದಿಯಲ್ಲಿ ೩೦೦ ಕಿಲೋ ಭಾರವು ಆಸರೆಯಿಂದ ಅರ್ಧ ಮೀಟರ ಹೊರಗೆ ತೂಗುತ್ತಿದೆಯೆಂದೂ, ತೊಲೆಯ ಬಾಲವು ಆಸರೆಯಿಂದ ಮೂರು ಮೀಟರ ಒಳಗೆ ಇದೆಯೆಂದೂ ಇಟ್ಟುಕೊಳ್ಳಿರಿ. ಸರಿತೂಗಲು ಬಾಲದ ಮೇಲೆ ೫೦ ಕಿಲೋ ಸಾಕು. ಆದರೆ ಪ್ರಾಣದ ವಿಷಯದಲ್ಲಿ ಸರಿತೂಗುವುದು ಸಾಲದು. ಯೂರೋಪಿನ ಮಾನದಂಡವು ಮೂರುಪಟ್ಟನ್ನೂ ಅಮೇರಿಕೆಯದು ನಾಲ್ಕುಪಟ್ಟನ್ನೂ ಕೇಳುತ್ತದೆ. ಅಂದರೆ ೧೫೦ ಅಥವಾ ೨೦೦ ಕಿಲೋ. ಇಷ್ಟೇಕೆಂದರೆ, ತೊಟ್ಟಿಲು ಗೋಡೆಯ ಚಾಚಿಗೆ ಸಿಕ್ಕಿಕೊಂಡಾಗ ಎತ್ತುವ ಯಂತ್ರವು ಎಳೆಯುತ್ತಲೇ ಇದ್ದರೆ ಹಗ್ಗದ ಸೆಳೆತವು ಹೇರಿದ ಭಾರವನ್ನು ಮೀರಿ ಬೆಳೆಯುತ್ತದೆ. ಇನ್ನು ಗೋಡೆಯ ಚಾಚು ಅಡ್ಡಬಂದಿತೆಂದು ತೊಲೆಯನ್ನು ಇನ್ನರ್ಧ ಮೀಟರ ಹೊರಕ್ಕೆ ನೂಕಿದರೋ, ಬಾಲವು ಅಷ್ಟೇ ಉದ್ದ ಉಳಿದರೂ ಬೇಕಾಗುವ ಎದುರುಭಾರವು ಇಮ್ಮಡಿಯಾಗುತ್ತದೆ. ಬಾಲವು ಗಿಡ್ಡಾದರೆ ಅದಕ್ಕಿಂತಲೂ ಹೆಚ್ಚು. ನೂಕಿದವನಿಗೆ ಇದು ತಿಳಿಯದು. ಕೆಳಗೆ ತೂಗುವವನಿಗೆ ತಿಳಿಯುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಉಸುಕು, ಜಲ್ಲಿಯಂಥ ಸೋರುವ ಪದಾರ್ಥಗಳನ್ನು ಎದುರುಭಾರಕ್ಕೆ ಬಳಸಕೂಡದೆಂದು ಅಮೇರಿಕೆಯ ನಿಯಮವು ಸ್ಪಷ್ಟವಾಗಿ ನಿಷೇಧಿಸಿರುವುದು ಸುಮ್ಮನೆ ಅಲ್ಲ.

ಜನರು ಹಗ್ಗವು ಹರಿದೀತೆಂದು ಅಂಜುತ್ತಾರೆ. ಉಕ್ಕಿನ ತಂತಿಹಗ್ಗವು ಹೊರುವ ಭಾರದ ಎಂಟು ಹತ್ತು ಪಟ್ಟು ಬಲವುಳ್ಳದ್ದಾಗಿರಬೇಕೆಂಬ ನಿಯಮವಿರುವಾಗ, ಸುಸ್ಥಿತಿಯಲ್ಲಿರುವ ಹಗ್ಗವು ಅಷ್ಟು ಸುಲಭವಾಗಿ ಹರಿಯುವುದಿಲ್ಲ. ಮೋಸಮಾಡುವುದು ಹಗ್ಗದ ಮೇಲ್ತುದಿ. ಅದು ಯಾವುದಕ್ಕೆ ಕಟ್ಟಲ್ಪಟ್ಟಿದೆಯೋ ಆ ಆಸರೆ. ೧೯೭೮ರ ಏಪ್ರಿಲ ೨೭ರಂದು ಅಮೇರಿಕೆಯ ಪಶ್ಚಿಮ ವರ್ಜಿನಿಯಾದ ವಿಲ್ಲೊ ಐಲೆಂಡಿನಲ್ಲಿ ವಿದ್ಯುತ್ಕೇಂದ್ರದ ತಂಪುಗೋಪುರವನ್ನು ಕಟ್ಟುತ್ತಿದ್ದಾಗ ಅಟ್ಟಣಿಗೆಯೆಲ್ಲವೂ ಕಳಚಿ ಬಿದ್ದು ೫೧ ಜನರು ಒಂದೇ ಕ್ಷಣದಲ್ಲಿ ಮಡಿದರು. ಅಟ್ಟಣಿಗೆಯನ್ನು ಬಿಗಿದಿದ್ದುದು ಹಿಂದಿನ ದಿನವಷ್ಟೇ ಸುರಿದ ಕಾಂಕ್ರೀಟಿಗೆ. ಅದು ಇನ್ನೂ ಬಲಗೊಂಡಿರಲಿಲ್ಲವೆಂದು ವಿಚಾರಣೆಯು ಕಂಡುಕೊಂಡಿತು. ಸಿಮೆಂಟಿನ ನಾಡಿನವರಾದ ನಮಗೆ ಈ ಪಾಠವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕಾಂಕ್ರೀಟನ್ನು ೨೮ ದಿನಗಳ ಬಲದಿಂದ ಅಳೆಯುವ ಪದ್ಧತಿಯನ್ನು ನಮ್ಮ ಮೇಸ್ತ್ರಿಯೂ ಬಲ್ಲನು. ಬಲ್ಲ ವಿಷಯವನ್ನು ಅವಸರದಲ್ಲಿ ಮರೆಯುವುದೇ ಅಪಘಾತದ ಮೂಲ.

ಹಾಗಾದರೆ ಸರಿಯಾದ ಸ್ಥಾಪನೆಯ ಕ್ರಮವೇನು? ತಜ್ಞರ ಗ್ರಂಥಗಳಲ್ಲಿ ಹರಡಿರುವುದನ್ನು ಸಂಗ್ರಹಿಸಿ ಹೇಳುತ್ತೇವೆ. ಮೊದಲನೆಯದಾಗಿ, ತೊಟ್ಟಿಲಿನ ಬಂಡಿಯ ತೂಕ, ಜನರ ತೂಕ, ಗಾಳಿಯ ನೂಕು, ಯಂತ್ರದ ಅತಿಸೆಳೆತ ಇವೆಲ್ಲವನ್ನೂ ಮಾಳಿಗೆಯ ತೊಲೆಗಳೂ ಕಂಬಗಳೂ ತಾಳುವವೆಂಬುದನ್ನು ರಚನಾ ಇಂಜಿನಿಯರನು ಲೆಕ್ಕಹಾಕಿ ಸಹಿಮಾಡಿಕೊಡಬೇಕು. ಎರಡನೆಯದಾಗಿ, ಹಳಿ, ಕುಳಿ, ಕೊಂಡಿಗಳನ್ನು ಕಾಂಕ್ರೀಟು ಸುರಿಯುವಾಗಲೇ ಕಬ್ಬಿಣದ ಹಂದರಕ್ಕೆ ಕೂಡಿಸಿ ಹುದುಗಿಸಬೇಕು. ಮೂರನೆಯದಾಗಿ, ಹಳೆಯ ಕಟ್ಟಡವಾದರೆ ಕೊರೆದು ಕೂಡಿಸಿದ ಪ್ರತಿಯೊಂದು ಕೊಂಡಿಯನ್ನೂ ಎಳೆದು ಪರೀಕ್ಷಿಸಿ ಸಂಖ್ಯೆ ಹಾಕಿ ಬರೆದಿಡಬೇಕು. ಇಲ್ಲಿ ಸಿಮೆಂಟು ಕಾರಖಾನೆಗಳಿಗೆ ಒಂದು ವಿಶೇಷ ಎಚ್ಚರಿಕೆಯುಂಟು: ಎಷ್ಟೋ ಸೈಲೋಗಳ ಗೋಡೆಯೊಳಗೆ ಬಿಗಿದೆಳೆದ ಉಕ್ಕಿನ ತಂತಿಗಳಿರುತ್ತವೆ, ನಕಾಶೆಯನ್ನು ನೋಡದೆ ಕೊರೆದರೆ ಕೊಂಡಿಯನ್ನು ಕೂಡಿಸುವ ಬದಲು ಗೋಡೆಯ ಬಲವನ್ನೇ ಕತ್ತರಿಸಿದಂತಾಗುತ್ತದೆ.

ನಾಲ್ಕನೆಯದಾಗಿ, ಸ್ಥಾಪಿಸುವವನ ಪ್ರಾಣ. ತೊಟ್ಟಿಲು ಸಿದ್ಧವಾದ ಮೇಲಿನ ಅಪಾಯವನ್ನು ಎಲ್ಲರೂ ಚರ್ಚಿಸುತ್ತಾರೆ. ಅದನ್ನು ಸಿದ್ಧಗೊಳಿಸುವಾಗ, ಅಂಚುಗೋಡೆಯೂ ಕಟಾಂಜನವೂ ಇಲ್ಲದ ಮಾಳಿಗೆಯ ಅಂಚಿನಲ್ಲಿ ತೊಲೆಯನ್ನು ಹೊರಚಾಚುವವನನ್ನು ಮರೆತುಬಿಡುತ್ತಾರೆ. ಅವನಿಗಾಗಿ ಮೊದಲು ಜೀವಹಗ್ಗವನ್ನು ಬಿಗಿಯಬೇಕು. ಕೆಳಗಿನ ನೆಲವನ್ನು ಬೇಲಿಹಾಕಿ ಜನಸಂಚಾರವನ್ನು ತಡೆಯಬೇಕು. ಗಾಳಿಯೆದ್ದ ದಿನ ಕೆಲಸವನ್ನು ನಿಲ್ಲಿಸಬೇಕು. ಐದನೆಯದಾಗಿ, ಕೂಲಿಕಾರರು ಬೆಲ್ಟು ಎನ್ನುವ ರಕ್ಷಣಾಪಟ್ಟಿಯ ಹಗ್ಗವನ್ನು ತೊಟ್ಟಿಲಿನ ಹಗ್ಗಗಳಿಗೆ ಸಂಬಂಧವಿಲ್ಲದ ಬೇರೆ ಆಸರೆಗೆ ಕಟ್ಟಬೇಕು. ಎರಡನ್ನೂ ಒಂದೇ ಗೂಟಕ್ಕೆ ಕಟ್ಟಿದರೆ ಗೂಟವು ಕಿತ್ತಾಗ ಎರಡೂ ಕೂಡಿಯೇ ಹೋಗುತ್ತವೆ. ಆರನೆಯದಾಗಿ, ವೇಗವು ಮೀರಿದೊಡನೆ ತಾನಾಗಿ ಹಿಡಿಯುವ ಎರಡನೆಯ ತಡೆಯು ಇರಬೇಕು. ಅದನ್ನು ಪ್ರತಿದಿನ ನೆಲದ ಸಮೀಪದಲ್ಲಿ ಪರೀಕ್ಷಿಸಿದ ಮೇಲೆಯೇ ಮೇಲೇರಬೇಕು.

ಇಷ್ಟೆಲ್ಲ ಇದ್ದರೂ ಯಂತ್ರವು ಯಂತ್ರವೇ. ೨೦೧೪ರ ನವೆಂಬರ ೧೨ರಂದು ನ್ಯೂಯಾರ್ಕಿನಲ್ಲಿ ಹೊಸದಾಗಿ ತೆರೆದಿದ್ದ ವಿಶ್ವವಾಣಿಜ್ಯ ಕೇಂದ್ರದ ಗೋಪುರದ ೬೯ನೆಯ ಮಾಳಿಗೆಯ ಎತ್ತರದಲ್ಲಿ ತೊಟ್ಟಿಲಿನ ಒಂದು ಬದಿಯ ಹಗ್ಗವು ಸಡಿಲಾಗಿ ಅದು ನೆಟ್ಟಗೆ ನಿಂತಂತೆ ವಾಲಿಬಿಟ್ಟಿತು. ಅದರೊಳಗಿನ ಇಬ್ಬರೂ ಉಳಿದರು. ಏಕೆಂದರೆ ಅವರ ರಕ್ಷಣಾಪಟ್ಟಿ ಬಿಗಿದಿತ್ತು, ಮತ್ತು ಅಗ್ನಿಶಾಮಕ ದಳದವರು ಒಳಗಿನಿಂದ ಗಾಜನ್ನು ಕೊರೆದು ಅವರನ್ನು ಒಳಕ್ಕೆಳೆದುಕೊಳ್ಳಲು ಸಿದ್ಧರಾಗಿದ್ದರು. ಪಟ್ಟಿಯಲ್ಲಿ ತೂಗುಬಿದ್ದ ಮನುಷ್ಯನ ಕಾಲುಗಳಲ್ಲಿ ರಕ್ತವು ನಿಂತು, ಸ್ವಲ್ಪ ಹೊತ್ತಿನಲ್ಲಿಯೇ ಅವನ ಪ್ರಾಣಕ್ಕೆ ಅಪಾಯವಾಗಬಹುದೆಂದು ವೈದ್ಯರು ಹೇಳುತ್ತಾರೆ. ಬೆಂಗಳೂರಿನ ಅಗ್ನಿಶಾಮಕ ದಳಕ್ಕೆ ೨೦೨೩ರಲ್ಲಿ ೯೦ ಮೀಟರಿನ ಏಣಿಯು ದೊರೆತಿತು. ನಮ್ಮ ಪ್ರಿಹೀಟರ್ ಗೋಪುರಗಳ ನೆತ್ತಿಗೆ ಅದೂ ಮುಟ್ಟಲಾರದು. ಆದ್ದರಿಂದ ಮೇಲೆ ಸಿಕ್ಕಿಬಿದ್ದವನನ್ನು ಇಳಿಸುವ ಉಪಾಯವು, ಜನ, ಮತ್ತು ಹಗ್ಗವು ಆಯಾ ಕಾರಖಾನೆಯ ಆವರಣದಲ್ಲಿಯೇ ಇರಬೇಕು.

ಪರದೇಶದ ಮಾನದಂಡಗಳನ್ನು ಇಲ್ಲಿಗೆ ತಂದು ಅಂಟಿಸಿದರೆ ಸಾಕೆಂದು ನಾವು ಹೇಳುವುದಿಲ್ಲ. ನಮ್ಮ ನೆಲದ ಕಷ್ಟಗಳು ಬೇರೆ. ಸಿಮೆಂಟಿನ ಹಾಗೂ ಕಲ್ಲಿನ ಧೂಳು ತಂತಿಹಗ್ಗದ ಎಣ್ಣೆಯಲ್ಲಿ ಮೆತ್ತಿಕೊಂಡು ಅರದಂತೆ ಅದನ್ನು ಸವೆಸುತ್ತದೆ. ಮಳೆಗಾಲದ ತೇವಕ್ಕೆ ಅದೇ ಧೂಳು ಗಟ್ಟಿಯಾಗಿ ತಡೆಯ ಹಲ್ಲುಗಳನ್ನು ಹಿಡಿದುಬಿಡುತ್ತದೆ. ಬಿಸಿಗಾಳಿಯ ಕೊಳವೆಗಳ ಹತ್ತಿರ ನೂಲಿನ ಹಗ್ಗವು ಮೆತ್ತಗಾಗುತ್ತದೆ. ಏಪ್ರಿಲ ಮೇ ತಿಂಗಳುಗಳಲ್ಲಿ ಬಿಸಿಲು ನಲವತ್ತೆರಡು ಡಿಗ್ರಿಯನ್ನು ದಾಟುತ್ತದೆ; ಸಂಜೆಯಾದೊಡನೆ ಮುನ್ಸೂಚನೆಯಿಲ್ಲದೆ ಬಿರುಗಾಳಿ ಏಳುತ್ತದೆ. ಗಾಳಿಯು ತಾಸಿಗೆ ೪೦ ಕಿಲೋಮೀಟರನ್ನು ಮೀರಿದರೆ ತೊಟ್ಟಿಲನ್ನು ಓಡಿಸಕೂಡದೆಂದು ಅಮೇರಿಕೆಯ ನಿಯಮವುಂಟು. ಗಾಳಿಯನ್ನು ಅಳೆಯುವ ಉಪಕರಣವಿಲ್ಲದೆ ಇಂಥ ನಿಯಮವನ್ನು ಪಾಲಿಸುವುದಾದರೂ ಹೇಗೆ? ಬ್ರಿಟನ್ನಿನಲ್ಲಿ ೧೯೯೮ರ ನಿಯಮಗಳ ಮೇರೆಗೆ ಮನುಷ್ಯರನ್ನೆತ್ತುವ ಸಾಧನಗಳನ್ನು ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ಕೂಲಂಕಷವಾಗಿ ತಪಾಸಣೆ ಮಾಡುತ್ತಾರೆ. ನಮ್ಮ ೧೯೪೮ರ ಕಾರಖಾನೆ ಕಾಯದೆಯು ಎತ್ತುವ ಸರಪಳಿ ಹಗ್ಗಗಳ ತಪಾಸಣೆಗೆ ಹನ್ನೆರಡು ತಿಂಗಳ ಅವಧಿಯನ್ನು ಕೊಟ್ಟಿತ್ತು. ಧೂಳಿನ ನಾಡಿನಲ್ಲಿ ಅವಧಿಯು ಬ್ರಿಟನ್ನಿಗಿಂತ ಕಡಿಮೆಯಿರಬೇಕೇ ಹೊರತು ಹೆಚ್ಚಿರಬಾರದು.

ಈಗ ಮಾಲೀಕರ ಪಕ್ಷವನ್ನೂ ನ್ಯಾಯವಾಗಿ ಕೇಳೋಣ. ಚಿಮಣಿಗೆ ಹಲವು ವರ್ಷಗಳಿಗೊಮ್ಮೆ ಬಣ್ಣ ಹಚ್ಚುವುದಕ್ಕಾಗಿ ಕಾಯಮ್ಮಿನ ಯಂತ್ರವನ್ನು ಇರಿಸಿ ಧೂಳಿನಲ್ಲಿ ತುಕ್ಕು ಹಿಡಿಸುವುದು ದುಂದುಗಾರಿಕೆಯಲ್ಲವೇ ಎಂದು ಅವರು ಕೇಳುತ್ತಾರೆ. ಈ ಆಕ್ಷೇಪದಲ್ಲಿ ತಥ್ಯವುಂಟು. ಕೆಲಸವಿಲ್ಲದೆ ನಿಂತ ಯಂತ್ರವು ಹೊಸ ಅಪಾಯಕ್ಕೆ ಎಡೆಮಾಡಿಕೊಡುವುದೂ ಉಂಟು. ಆದರೆ ಯಂತ್ರವು ಬೇರೆ, ಆಸರೆಯು ಬೇರೆ. ಯಂತ್ರವು ಬಾಡಿಗೆಯದಾದರೂ ಆಗಲಿ. ಅದನ್ನು ತೂಗಹಾಕುವ ಕೊಂಡಿ, ತೊಲೆ, ಹಳಿಗಳು ಕಟ್ಟಡದವೇ ಆಗಿರತಕ್ಕದ್ದು. ಗಾಜಿನ ಮಹಲಿಗೆ ಯಂತ್ರವೂ ಕಾಯಮ್ಮಾಗಿರಲಿ, ಸೈಲೋ ಚಿಮಣಿಗಳಿಗೆ ಆಸರೆಯಾದರೂ ಕಾಯಮ್ಮಾಗಿರಲಿ ಎಂಬುದೇ ನಮ್ಮ ಮಾತಿನ ಸಾರ. ಕಟ್ಟುವಾಗ ನಾಲ್ಕು ಕೊಂಡಿಗಳನ್ನು ಹುದುಗಿಸುವ ವೆಚ್ಚವು ಗೋಪುರದ ವೆಚ್ಚದೆದುರು ಲೆಕ್ಕಕ್ಕೆ ಬಾರದಷ್ಟು ಅಲ್ಪ. ಮರೆತು ಮುಂದೆ ಕೂಡಿಸಹೋದರೆ ಖರ್ಚೂ ಹೆಚ್ಚು, ಭರವಸೆಯೂ ಕಡಿಮೆ.

ಕಾಯದೆಯಿಲ್ಲವೆಂಬ ನೆಪವೂ ನಡೆಯದು. ಎತ್ತರದಿಂದ ಬೀಳುವ ಸಂಭವವಿರುವಲ್ಲಿ ಬೇಲಿಯನ್ನೋ ತತ್ಸಮಾನವಾದ ರಕ್ಷಣೆಯನ್ನೋ ಒದಗಿಸತಕ್ಕದ್ದೆಂದು ೧೯೪೮ರ ಕಾಯದೆಯ ೩೨ನೆಯ ಕಲಮು ಹೇಳಿತ್ತು. ಕಟ್ಟಡ ಕಾರ್ಮಿಕರ ೧೯೯೮ರ ಕೇಂದ್ರೀಯ ನಿಯಮಗಳು ನಕಾಶೆಯವನ ಹೊಣೆಯನ್ನು ಅಂದೇ ಬರೆದಿದ್ದವು. ಇಪ್ಪತ್ತೇಳು ವರ್ಷಗಳ ತರುವಾಯ ಅದೇ ಮಾತು ಸಂಹಿತೆಯ ಒಂಬತ್ತನೆಯ ಕಲಮಾಗಿ ಜಾರಿಗೆ ಬಂದಿದೆ. ಮಾತು ಹಳೆಯದು, ನಡೆಯಿಸುವ ಮನಸ್ಸು ಮಾತ್ರ ಹೊಸದಾಗಿ ಬೇಕಾಗಿದೆ. ಕಟ್ಟಡದ ವೆಚ್ಚದ ಮೇಲೆ ಶೇಕಡಾ ಒಂದರಂತೆ ಕಾರ್ಮಿಕ ಕಲ್ಯಾಣದ ಕರವನ್ನು ಸರಕಾರವು ವಸೂಲುಮಾಡುತ್ತದೆ; ಕೂಲಿಕಾರನು ಸತ್ತರೆ ಅವನ ಮನೆಗೆ ಆ ನಿಧಿಯಿಂದ ನೆರವು ಸಿಗಬಹುದು. ಸತ್ತವನ ಮನೆಗೆ ಹಣವನ್ನು ತಲಪಿಸುವ ಸರಕಾರಕ್ಕಿಂತ, ಅವನು ಸಾಯದಂತೆ ಕೊಂಡಿಯನ್ನು ಹುದುಗಿಸಿದ ಸರಕಾರವು ಹೆಚ್ಚಿನದು.

ಅಧಿಕಾರಿವರ್ಗದವರಲ್ಲಿ ನಮ್ಮ ವಿಜ್ಞಾಪನೆಯು ಮೂರು ಮಾತುಗಳಲ್ಲಿ ಅಡಗಿದೆ. ಕಾರಖಾನೆಗಳ ಮಟ್ಟಿಗೆ ಸಂಹಿತೆಯ ನಿಯಮಗಳನ್ನು ಮಾಡುವ ಮತ್ತು ನಡೆಯಿಸುವ ಅಧಿಕಾರವು ರಾಜ್ಯ ಸರಕಾರದ್ದು. ಆದ್ದರಿಂದ ಒಂದು ಗೊತ್ತಾದ ಎತ್ತರವನ್ನು ಮೀರಿದ ಯಾವ ರಚನೆಯ ನಕಾಶೆಗೂ ಹೊರಮೈಗಿಳಿಯುವ ಕಾಯಮ್ಮಿನ ಏರ್ಪಾಡನ್ನು ತೋರಿಸದ ಹೊರತು ಮಂಜೂರಿ ಕೊಡಕೂಡದು. ಈಗಾಗಲೇ ನಿಂತಿರುವ ಗೋಪುರ, ಸೈಲೋ, ಚಿಮಣಿಗಳ ಆಸರೆಗಳನ್ನು ಪಟ್ಟಿಮಾಡಿ ಪರೀಕ್ಷಿಸಿ, ಪರೀಕ್ಷೆಯ ದಿನಾಂಕವನ್ನು ಆಸರೆಯ ಬಳಿಯಲ್ಲಿಯೇ ಕನ್ನಡದಲ್ಲಿಯೂ ಹಿಂದಿಯಲ್ಲಿಯೂ ಬರೆಯಿಸಬೇಕು. ಏಕೆಂದರೆ ತೂಗುವವರಲ್ಲಿ ನಮ್ಮವರೂ ಇದ್ದಾರೆ, ಉತ್ತರದೇಶದಿಂದ ಹೊಟ್ಟೆಪಾಡಿಗಾಗಿ ಬಂದವರೂ ಇದ್ದಾರೆ. ಭಾರತಮಾತೆಗೆ ಇಬ್ಬರೂ ಮಕ್ಕಳೇ. ಮೂರನೆಯದಾಗಿ, ಈ ಭಾಗದ ಕೈಗಾರಿಕಾ ತರಬೇತಿ ಶಾಲೆಗಳಲ್ಲಿ ಹಗ್ಗ, ಆಸರೆ, ಎತ್ತುಯಂತ್ರಗಳ ವಿದ್ಯೆಯನ್ನು ಕಲಿಸಬೇಕು. ೩೭೧ನೆಯ ಜೆ ಅನುಚ್ಛೇದದಿಂದ ನೌಕರಿಯಲ್ಲಿ ಪಾಲು ಪಡೆದ ಪ್ರಾಂತವು ನಮ್ಮದು; ಕೂಲಿಯ ಪಾಲಿನೊಡನೆ ಕುಶಲತೆಯ ಪಾಲೂ ನಮ್ಮ ತರುಣರಿಗೆ ಬರಲಿ.

ಮಾಲೀಕ ಮಹಾಶಯರಿಗೂ ಒಂದು ಮಾತು. ಗುತ್ತೇದಾರನ ಕರಾರಿನಲ್ಲಿ "ಸುರಕ್ಷತೆಯ ಹೊಣೆ ಗುತ್ತೇದಾರನದು" ಎಂದು ಬರೆಯಿಸಿದೊಡನೆ ತಮ್ಮ ಹೊಣೆಯು ತೀರಿತೆಂದು ಅವರು ತಿಳಿಯಬಾರದು. ಹಗ್ಗವು ಗುತ್ತೇದಾರನದಿರಬಹುದು, ಮಾಳಿಗೆಯು ಮಾಲೀಕನದು. ಆ ಮಾಳಿಗೆಯಲ್ಲಿ ಹಗ್ಗಕ್ಕೆ ನಂಬುಗೆಯ ಗೂಟವಿದೆಯೋ ಇಲ್ಲವೋ ಎಂಬುದನ್ನು ಮಾಲೀಕನಲ್ಲದೆ ಮತ್ತಾರು ಹೇಳಬೇಕು? ನೃಪತುಂಗನು ಆಳಿದ ಮಾನ್ಯಖೇಟದ ನೆಲದಲ್ಲಿ ಇಂದು ಸಿಮೆಂಟಿನ ಗೋಪುರಗಳು ನಿಂತಿವೆ. ರಾಷ್ಟ್ರದ ಎತ್ತರವನ್ನು ಇಂಥ ಗೋಪುರಗಳಿಂದ ಅಳೆಯುವವರು ಅಳೆಯಲಿ. ಅವುಗಳ ಗೋಡೆಗೆ ಬೆಳಗ್ಗೆ ಇಳಿದ ಬಡವನು ಸಂಜೆ ತನ್ನ ಕಾಲಮೇಲೆ ನಡೆದು ಮನೆಗೆ ಮರಳಿದನೇ ಎಂಬುದೇ ನಮ್ಮ ಅಳತೆ.